ಕೊನೆಯ ಮೇಜಿನ ಕೈ

ಬೆಳಗಿನ ಐದೂವರೆಗೆ ಬೀಗ ತೆಗೆಯುವುದರಲ್ಲಿ ಮೂವತ್ತು ವರ್ಷ ಒಂದು ದಿನವೂ ತಪ್ಪದವಳು. ಕುದಿಯುವ ಹಂಡೆಯ ಮುಂದೆ ನಿಂತು ತಾನು ಕುದಿಯದವಳು. ಕಿರಿಯರನ್ನು ನಾಲ್ವರ ಎದುರು ಗದರದವಳು, ಗದರಿದರೂ ಊಟದ ಹೊತ್ತಿಗೆ ಮರೆಯುವವಳು. ರೋಗಿಯ ಹಾಸಿಗೆಗೆ ಹೋಗುವ ಬಟ್ಟೆಯನ್ನು ದೇವರ ಪೀಠಕ್ಕೆ ಹೋಗುವ ವಸ್ತ್ರವೆಂಬಂತೆ ಮಡಿಸುವವಳು. ಒಬ್ಬರ ಗುಟ್ಟನ್ನು ಇನ್ನೊಬ್ಬರ ಕಿವಿಗೆ ಹಾಕದವಳು. ಇಲ್ಲವೆನ್ನಬೇಕಾದಲ್ಲಿ ಇಲ್ಲವೆನ್ನಲು ಅಂಜದವಳು. ಸುಖಕ್ಕೆ ಉಬ್ಬದವಳು, ದುಃಖಕ್ಕೆ ಕುಗ್ಗದವಳು ಎಂದು ಹತ್ತು ಜನರಿಂದ ಹೊಗಳಿಸಿಕೊಂಡವಳು, ಆದರೆ ಆ ಎರಡೂ ತನ್ನನ್ನು ಮುಟ್ಟದೆಯೇ ಪಕ್ಕದಿಂದ ಹಾದುಹೋಗುತ್ತಿದ್ದವೆಂಬುದನ್ನು ಆ ಹತ್ತರಲ್ಲಿ ಒಬ್ಬರಿಗೂ ಹೇಳದವಳು. ಇಂಥವಳೊಬ್ಬಳು ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಮನೆಯಲ್ಲಿ, ಮೇಸ್ತ್ರಿಯಾಗಿದ್ದಳು. ಅವಳನ್ನು ಎಲ್ಲರೂ ಕಡ್ಡಿಯಕ್ಕ ಎಂದು ಕರೆಯುತ್ತಿದ್ದರು. ಹನ್ನೊಂದನೆಯ ವಯಸ್ಸಿನಲ್ಲಿ ಬಿದ್ದ ಹೆಸರು ಅದು. ಐವತ್ತಾರರ ಹೊತ್ತಿಗೆ ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕು ಬಾರದಷ್ಟು ಮೈ ಬಂದಿತ್ತು. ಹೆಸರು ಮಾತ್ರ ತೆಳ್ಳಗೇ ಉಳಿದಿತ್ತು.

ಆ ಮನೆ ಎಂದರೆ ತಗ್ಗಾದ ಮಾಡಿನ ಉದ್ದನೆಯ ಒಂದೇ ಕೋಣೆ. ಒಂದು ತುದಿಗೆ ಬಾಯ್ಲರು, ನಡುವೆ ಕೊಳೆನೀರು ಹರಿದುಹೋಗುವ ಕಲ್ಲಿನ ಕಾಲುವೆ, ಅದರ ಎರಡು ದಡಕ್ಕೂ ಗರಗರನೆ ತಿರುಗುವ ಡ್ರಮ್ಮುಗಳು, ಆಚೆಗೆ ಬಟ್ಟೆ ಒಣಗಿಸುವ ಬಿಸಿಗೂಡು, ಇಸ್ತ್ರಿಯ ಸಾಲು, ಇನ್ನೊಂದು ತುದಿಯ ಕಿಟಕಿಯ ಕೆಳಗೆ ಒಂದು ಮೇಜು. ವಾರ್ಡುಗಳಿಂದ ತಳ್ಳುಗಾಡಿಯಲ್ಲಿ ಬಂದ ಬಟ್ಟೆ ಈ ತುದಿಯಲ್ಲಿ ರಕ್ತ, ಕೀವು, ಔಷಧಿಗಳ ಸಮೇತ ಒಳಹೊಕ್ಕು ಆ ತುದಿಯಲ್ಲಿ ಬೆಳ್ಳಗೆ ಹೊರಬೀಳುತ್ತಿತ್ತು. ಒಗೆಯಲು, ಹಿಂಡಲು, ಇಸ್ತ್ರಿ ಮಾಡಲು ಹದಿನೆಂಟು ಹೆಂಗಸರಿದ್ದರು; ಬಾಯ್ಲರನ್ನು ನೋಡಿಕೊಳ್ಳಲು, ಹದಿನೆಂಟು ಹೆಂಗಸರ ಬಾಯಿಗೆ ಆಹಾರವಾಗಲು, ಒಬ್ಬ ಗಂಡಸಿದ್ದ.

ಕಿಟಕಿಯ ಕೆಳಗಿನ ಆ ಮೇಜಿಗೆ ಕೊನೆಯ ಮೇಜೆಂದು ಹೆಸರು. ಆಪರೇಷನ್ನಿನ ಕೋಣೆಯಲ್ಲಿ ಗಾಯ ಹೊಲಿಯುವ ಸೂಜಿ ಉಗುರಿನಷ್ಟೇ ಉದ್ದ, ಬಾಗಿದ್ದು, ಬಹು ಸಣ್ಣದು. ಅದು ಯಾವಾಗಲಾದರೊಮ್ಮೆ ಕೈತಪ್ಪಿ ಶೀಟಿನ ಅಂಚಿನೊಳಗೆ ಸೇರಿಕೊಂಡರೆ ಮೂರು ನೀರು ದಾಟಿದರೂ, ಇಸ್ತ್ರಿಯ ಕೆಳಗೆ ಹೊರಳಿದರೂ ಹೊರಬರುವುದಿಲ್ಲ. ಬಿಳಿಯ ಬಟ್ಟೆಯಲ್ಲಿ ಕಣ್ಣಿಗೆ ಅದು ಕಾಣುವುದೂ ಇಲ್ಲ. ಆದ್ದರಿಂದ ಮಡಿಸುವ ಮೊದಲು ಪ್ರತಿಯೊಂದು ಶೀಟನ್ನೂ ಆ ಮೇಜಿನ ಮೇಲೆ ಹರಡಿ, ಬರಿಯ ಅಂಗೈಯನ್ನು ಅಂಚಿನಿಂದ ಅಂಚಿಗೆ ಎಳೆಯುತ್ತಿದ್ದರು. ಇದಕ್ಕೆ ಕೈಯಾಡಿಸುವುದು ಎನ್ನುತ್ತಿದ್ದರು. ಮೊದಲು ಒಬ್ಬಳು ಕೈಯಾಡಿಸಬೇಕು, ಅವಳ ಬಳಿಕ ಮೇಸ್ತ್ರಿ. ಗಂಟು ಕಟ್ಟುವಾಗ ಎರಡು ದಾರ: ಮೊದಲ ಕೈಯವಳದು ಅವಳವಳ ಬಣ್ಣದ್ದು, ಮೇಸ್ತ್ರಿಯದು ಬಿಳಿಯದು. ಬಿಳಿದಾರ ಬಿದ್ದ ಗಂಟನ್ನು ವಾರ್ಡಿನಲ್ಲಿ ಯಾರೂ ಮತ್ತೆ ನೋಡುತ್ತಿರಲಿಲ್ಲ. ಕೊನೆಯ ಮೇಜಿನ ಕೈ ಯಾರದೋ ಅವಳೇ ಮೇಸ್ತ್ರಿ. ಆ ಕೈ ಹೋದ ದಿನ ಮೇಸ್ತ್ರಿತನವೂ ಹೋಗಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರಿಯೂ ಇರಲಿಲ್ಲ.

ಕಡ್ಡಿಯಕ್ಕ ಅಲ್ಲಿಗೆ ಬಂದದ್ದು ಅವಳ ತಾಯಿ ಸತ್ತ ಹದಿಮೂರನೆಯ ದಿನ. ತಂದೆ ಅದಕ್ಕೂ ಮೊದಲೇ, ಈಗ ಬರುತ್ತೇನೆಂದು ಹೋಗಿ, ಬಾರದೆ ಉಳಿದಿದ್ದ. ತಾಯಿ ಅದೇ ಮನೆಯಲ್ಲಿ ನೆನೆಹಾಕುವ ತೊಟ್ಟಿಯ ಕೆಲಸದವಳು. ಅದೇ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಬಾಗಿಲಿಗೆ ಹತ್ತಿರದ ಹಾಸಿಗೆಯಲ್ಲಿ ತೀರಿಕೊಂಡಳು. ಹಿಂದೆ ಉಳಿದವರು ಹನ್ನೊಂದರ ಈ ಹುಡುಗಿ, ಮೂರು ವರ್ಷದ ಅವಳ ತಂಗಿ. ನೆಂಟರು ಕೂಡಿ, ಒಬ್ಬಳನ್ನು ಒಂದು ದಿಕ್ಕಿಗೆ, ಇನ್ನೊಬ್ಬಳನ್ನು ಇನ್ನೊಂದು ದಿಕ್ಕಿಗೆ ಹಂಚಿಕೊಳ್ಳುವ ಮಾತಾಡುತ್ತಿದ್ದಾಗ ಆಗಿನ ಮೇಸ್ತ್ರಿ ಬಂದು ಹೊಸಿಲಲ್ಲಿ ನಿಂತಳು. ಸದಾ ಹಬೆಯ ನಡುವೆ ನಿಂತಿರುತ್ತಿದ್ದುದರಿಂದ ಅವಳಿಗೆ ಉಗಿಯಮ್ಮನೆಂದು ಹೆಸರಾಗಿತ್ತು. ಗಂಡನಿಲ್ಲ, ಮಕ್ಕಳಿಲ್ಲ, ನಗುವುದಂತೂ ಇಲ್ಲವೇ ಇಲ್ಲ.

"ದೊಡ್ಡೋಳೇ, ಕೈ ಚಾಚು," ಎಂದಳು.

ಹುಡುಗಿ ಚಾಚಿದಳು. ಉಗಿಯಮ್ಮ ಆ ಅಂಗೈಗಳನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಪೇಟೆಯಲ್ಲಿ ಬದನೆಕಾಯಿ ಆರಿಸುವವಳಂತೆ ನೋಡಿದಳು.

"ಇಬ್ಬರನ್ನೂ ನಾನು ಕರ್ಕೊಂಡು ಹೋಗ್ತೀನಿ. ಯಾರಾದ್ರೂ ಬೇಡ ಅನ್ನೋರಿದ್ರೆ ಈಗ್ಲೇ ಅನ್ನಿ."

ಯಾರೂ ಅನ್ನಲಿಲ್ಲ. ಆಫೀಸಿನಲ್ಲಿ ಹುಡುಗಿಗೆ ಹದಿನಾಲ್ಕು ಎಂದು ಬರೆಸಿದಳು. ಮೇಜು ಎಟುಕದ್ದರಿಂದ ಸೋಪಿನ ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ನಿಲ್ಲಿಸಿದಳು. "ಇದೇನು, ಕಡ್ಡಿ ನೆಟ್ಟಿದೀರಾ?" ಎಂದು ಇಸ್ತ್ರಿಯ ಸಾಲಿನಲ್ಲಿ ಯಾರೋ ಅಂದರು, ಹೆಸರು ಬಿತ್ತು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಹೆಂಗಸರ ವಾರ್ಡಿನ ಶೀಟುಗಳು ಬಂದವು. ಅವುಗಳಲ್ಲೊಂದರ ಮೂಲೆಗೆ ಅಡ್ಡಾದಿಡ್ಡಿಯಾದ ತೇಪೆ. ಅದು ಅಮ್ಮನ ಹೊಲಿಗೆ. ತಾನು ಮುಂದೆ ಮಲಗಿ ಸಾಯಲಿದ್ದ ಶೀಟಿಗೆ ಅವಳೇ ಹಿಂದಿನ ವರ್ಷ ಹಾಕಿದ್ದು. ಹುಡುಗಿ ಅದರ ಮೇಲೆ ಅಂಗೈ ಎಳೆದಳು.

"ಏನಿದೆ ಹೇಳು?" ಎಂದಳು ಉಗಿಯಮ್ಮ.

"ತೇಪೆ."

"ಬೇರೆ?"

"ಏನೂ ಇಲ್ಲ."

ಉಗಿಯಮ್ಮ ತಾನೂ ಒಮ್ಮೆ ಕೈಯಾಡಿಸಿ, "ಹೂಂ," ಎಂದು ಬಿಳಿದಾರ ಕಟ್ಟಿದಳು. ಗಂಟು ಗಾಡಿಗೆ ಹೋಯಿತು. ಅಳು ಬರಬಹುದೆಂದು ಹುಡುಗಿ ಒಂದು ಗಳಿಗೆ ಕಾದಳು. ಅದು ಬರಲಿಲ್ಲ. ಮುಂದಿನ ಶೀಟು ಬಂತು.

ಅಂದಿನಿಂದ ಹದಿನೈದು ವರ್ಷ ಹೀಗೆಯೇ ನಡೆಯಿತು: ಇವಳ ಕೈ ಮೊದಲು, "ಏನಿದೆ ಹೇಳು?" ಎಂಬ ಪ್ರಶ್ನೆ, ಇವಳ ಉತ್ತರ, ಉಗಿಯಮ್ಮನ ಕೈ, "ಹೂಂ." ಇಸ್ತ್ರಿಯವರಿಗೆ ಅಂಥ ಪ್ರಶ್ನೆಯಿಲ್ಲ, ತೊಟ್ಟಿಯವರಿಗಿಲ್ಲ, ತನ್ನೊಬ್ಬಳಿಗೇ ಯಾಕೆಂದು ಹುಡುಗಿಗೆ ಸಂಶಯವೇ ಬರಲಿಲ್ಲ. ಇದು ಪಾಠ, ತಾನು ಶಿಷ್ಯೆ, ಪ್ರತಿಯೊಂದು 'ಹೂಂ' ತಾನು ಗೆದ್ದ ಒಂದು ಪರೀಕ್ಷೆ ಎಂದೇ ಅವಳ ನಂಬಿಕೆ. ಉಗಿಯಮ್ಮನ ಆ ಎರಡನೆಯ ಕೈಯನ್ನು ಅವಳು ದೇವರ ಕಣ್ಣೆಂದು ತಿಳಿದಿದ್ದಳು.

ಪಾಠವೂ ಇರದೇ ಇರಲಿಲ್ಲ. ತಡವಾಗಿ ಬಂದವಳನ್ನು ಉಗಿಯಮ್ಮ ಬಾಗಿಲಲ್ಲಿ ನಿಲ್ಲಿಸಿ ಕಾರಣ ಕೇಳುತ್ತಿರಲಿಲ್ಲ. ಮುಖ ನೋಡುವಳು. ಮನೆಯಲ್ಲಿ ಜಗಳವಾಡಿ ಬಂದವಳನ್ನು ಹಿಂಡುವ ಕೆಲಸಕ್ಕೆ ಹಾಕುವಳು. ಅತ್ತು ಬಂದವಳನ್ನು ದಿಂಬಿನ ಚೀಲ ಜೋಡಿಸಲು ಕೂರಿಸುವಳು. ಮೇಲಿನವರು ಕೂಗಾಡಲು ಬಂದರೆ ತಾನು ಮುಂದೆ ನಿಲ್ಲುವಳು, ಬಹುಮಾನ ಹಂಚಲು ಬಂದರೆ ಬಾಯ್ಲರಿನ ಹಿಂದೆ ಹೋಗುವಳು. ಹುಡುಗಿ ಇದನ್ನೆಲ್ಲ ಬಾಯಿಪಾಠ ಮಾಡದೆ, ಹಬೆ ಬಟ್ಟೆಗೆ ಇಳಿಯುವಂತೆ ಮೈಗಿಳಿಸಿಕೊಂಡಳು.

ಅವಳಿಗೆ ಹದಿಮೂರಾಗಿದ್ದಾಗ ತಂಗಿಗೆ ಜ್ವರ ಬಂದು ನಾಲ್ಕು ದಿನ ಇಳಿಯಲಿಲ್ಲ. ನಾಲ್ಕನೆಯ ದಿನ ಮೇಜಿನ ಮುಂದೆ ನಿಂತವಳಿಗೆ ಶೀಟು ಯಾವುದು ಗೋಡೆ ಯಾವುದು ಎಂಬ ಎಚ್ಚರವಿಲ್ಲ. ಅಂಗೈಯನ್ನು ಬಟ್ಟೆಗೆ ತಾಗಿಸಲೇ ಇಲ್ಲ. ಸಾಲಾಗಿ ಹನ್ನೆರಡು ಶೀಟಿಗೆ "ಏನೂ ಇಲ್ಲ, ಏನೂ ಇಲ್ಲ" ಎಂದಳು. ಉಗಿಯಮ್ಮ ಎಂದಿನಂತೆ ಹನ್ನೆರಡಕ್ಕೂ ಕೈಯಾಡಿಸಿ, ಹನ್ನೆರಡಕ್ಕೂ "ಹೂಂ" ಎಂದಳು. ಮುಟ್ಟದೆ ಹೇಳಿದ್ದು ಅವಳ ಗಮನಕ್ಕೆ ಬಾರದೆ ಇದ್ದೀತೇ? ತನ್ನ ಸಂಕಟ ತಿಳಿದು ಕ್ಷಮಿಸಿದಳೆಂದು ಹುಡುಗಿ ಭಾವಿಸಿದಳು. ಜ್ವರ ಇಳಿಯಿತು. ಆ ಕ್ಷಮೆಯ ಋಣವನ್ನು ಅವಳು ಯಾರಿಗೂ ಹೇಳದೆ ಹೊತ್ತುಕೊಂಡಳು. ಮುಂದೆ ಎಂದೂ ಒಂದು ಶೀಟನ್ನೂ ಮುಟ್ಟದೆ ಬಿಡಲಿಲ್ಲ.

ಉಗಿಯಮ್ಮ ಕೆಲಸ ಬಿಟ್ಟಾಗ ಬಿಳಿದಾರದ ಉಂಡೆ ಇಪ್ಪತ್ತಾರರ ಕಡ್ಡಿಯಕ್ಕನ ಕೈಗೆ ಬಂತು. ತಂಗಿಯನ್ನು ಓದಿಸಿದಳು, ಅವಳು ಶಾಲೆಯ ಟೀಚರಾಗಿ ಬೇರೊಂದು ಊರಿಗೆ ಹೋದಳು. ಕಡ್ಡಿಯಕ್ಕ ಬೀಗ ರಿಪೇರಿಯವನೊಬ್ಬನನ್ನು ಮದುವೆಯಾದಳು. ಮಕ್ಕಳಾಗಲಿಲ್ಲ, ಅದಕ್ಕೂ ಅವಳು ಅಳಲಿಲ್ಲ. ಮೂವತ್ತು ವರ್ಷದಲ್ಲಿ ಮೂವರು ದೊಡ್ಡ ಡಾಕ್ಟರು ಬಂದು ಹೋದರು, ಡ್ರಮ್ಮುಗಳು ಎರಡು ಸಲ ಬದಲಾದವು, ಕೊನೆಯ ಮೇಜು ಹಾಗೆಯೇ ಇತ್ತು.

ಕೈ ಹೋಗತೊಡಗಿದ್ದು ಕಿರುಬೆರಳಿನಿಂದ. ನಲವತ್ತೈದು ವರ್ಷ ಬಿಸಿನೀರು, ಸೋಡಾ, ತಣ್ಣೀರು, ಮತ್ತೆ ಬಿಸಿನೀರು; ಚರ್ಮ ದಪ್ಪಗಾಯಿತೆಂದುಕೊಂಡಳು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಸುಟ್ಟ ವಾಸನೆ ಬಂತು.

"ಏನೇ ಅದು, ಹಾಲು ಸೀದುಹೋಯ್ತಾ?" ಎಂದು ಗಂಡ ಕೇಳಿಕೊಂಡು ಬಂದ.

ಹಾಲು ಸೀದಿರಲಿಲ್ಲ. ಅವಳು ಕಾದ ಪಾತ್ರೆಯ ಅಂಚನ್ನು ಬರಿಗೈಯಲ್ಲಿ ಹಿಡಿದು ನಿಂತಿದ್ದಳು. ಅವನು ಪಾತ್ರೆ ಬಿಡಿಸಿ, ಕೈಯನ್ನು ನೀರಿಗೆ ಅದ್ದಿದ. "ನನ್ನ ಇಕ್ಕಳ ಕೂಡ ಇಷ್ಟು ಹೊತ್ತು ಹಿಡ್ಕೊಳ್ಳಲ್ಲ," ಎಂದ. ನಗಿಸಲು ಆಡಿದ ಮಾತು. ಆಮೇಲೆ ಮೆಲ್ಲಗೆ, "ಡಾಕ್ಟರಿಗೆ ತೋರಿಸು," ಎಂದ. ದಿನ ಬೆಳಗಾದರೆ ಆಸ್ಪತ್ರೆಯ ಹೊಟ್ಟೆಯೊಳಗೇ ಇರುವವಳು, ತೋರಿಸಲಿಲ್ಲ. ತೋರಿಸಿದರೆ ಚೀಟಿ ಆಗುತ್ತದೆ, ಚೀಟಿ ಆಫೀಸಿಗೆ ಹೋಗುತ್ತದೆ, ಮೇಜು ಕೈಬಿಡುತ್ತದೆ. ಮೇಜು ಬಿಟ್ಟರೆ ತಾನು ಯಾರೆಂಬುದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ. ಸೋಪಿನ ಪೆಟ್ಟಿಗೆಯ ಮೇಲೆ ಹತ್ತಿ ನಿಂತ ದಿನದಿಂದ ಅವಳು ಬೇರೇನೂ ಆಗಿರಲಿಲ್ಲ.

ಕೆಲವು ತಿಂಗಳಲ್ಲೇ ಎರಡು ಅಂಗೈಗಳೂ ಹೋದವು. ಶೀಟಿನ ಮೇಲೆ ಕೈ ಎಳೆದರೆ, ಪಕ್ಕದ ಕೋಣೆಯಲ್ಲಿ ಯಾರೋ ಬಟ್ಟೆ ಎಳೆದ ಹಾಗಿರುತ್ತಿತ್ತು. ಅವಳಿಗೆ ಹೆದರಿಕೆಯಾಗಬೇಕಿತ್ತು, ಅದು ಸಹ ಪಕ್ಕದ ಕೋಣೆಯಲ್ಲೇ ಇತ್ತು.

ಆಗ ಮೊದಲ ಕೈಯ ಕೆಲಸದವಳು ರೇಡಿಯೋ. ಬಾಯಿ ನಿಲ್ಲಿಸದವಳಾದ್ದರಿಂದ ಆ ಹೆಸರು. ನಲವತ್ತರ ಹೆಂಗಸು, ಕೆಲಸದಲ್ಲಿ ಚುರುಕು, ಕಡ್ಡಿಯಕ್ಕನೆಂದರೆ ಪ್ರಾಣ. ಒಂದು ದಿನ ಅವಳು ನಾದಿನಿಯ ಮಗನ ಮದುವೆಯ ಕಥೆ ಹೇಳುತ್ತ ಕೈಯಾಡಿಸುತ್ತಿದ್ದಾಗ ಕಡ್ಡಿಯಕ್ಕ ನಡುವೆ ಬಾಯಿ ಹಾಕಿದಳು:

"ಏನಿದೆ ಹೇಳು?"

"ಎಲ್ಲಿ ಅಕ್ಕ? ಮದುವೇಲಾ?"

"ಶೀಟಲ್ಲಿ."

"ಶೀಟಲ್ಲಿ ಏನಿರತ್ತೆ, ಏನೂ ಇಲ್ಲ. ಇಷ್ಟು ವರ್ಷ ಇಲ್ಲದ್ದು ಇವತ್ತೇನು ಪರೀಕ್ಷೆ?"

ಕಡ್ಡಿಯಕ್ಕ ಕೈ ಎಳೆದು, "ಹೂಂ," ಎಂದಳು. ಎಂದ ಮೇಲೆ ಆ ಧ್ವನಿ ತನ್ನದಲ್ಲವೆಂದು ಅವಳಿಗೆ ತಿಳಿಯಿತು. ಅದೇ ಪ್ರಶ್ನೆ, ಅದೇ ಬಿಗಿ, ಅದೇ 'ಹೂಂ'. ಒಂದು ಯೋಚನೆ ಬಾಗಿಲವರೆಗೆ ಬಂತು. ಅದನ್ನು ಒಳಗೆ ಕರೆಯದೆ ಗಂಟು ಕಟ್ಟಿದಳು. ಮಾರನೆಯ ದಿನವೂ ಕೇಳಿದಳು. ಹಾಗೆ ಎಂಟು ತಿಂಗಳು ಕಳೆಯಿತು.

ಒಂದು ಸೋಮವಾರ ದೊಡ್ಡ ಸಿಸ್ಟರು, ಎಂದರೆ ನರ್ಸುಗಳೆಲ್ಲರ ಮೇಲಿನಾಕೆ, ಸುಟ್ಟಗಾಯದ ವಾರ್ಡಿನಿಂದ ಒಂದು ಶೀಟನ್ನು ತಟ್ಟೆಯಲ್ಲಿಟ್ಟುಕೊಂಡು ತಾನೇ ಇಳಿದುಬಂದಳು. ಶೀಟಿನ ಅಂಚಿನಲ್ಲಿ ಬಾಗಿದ ಸೂಜಿ. ಅದರ ಗಂಟಿಗೆ ಬಿದ್ದಿದ್ದ ದಾರಗಳು ಹಸಿರು, ಬಿಳಿ: ರೇಡಿಯೋಳದು, ಕಡ್ಡಿಯಕ್ಕನದು. ಹಾಸುವಾಗಲೇ ಕಂಡಿತು, ಯಾರಿಗೂ ಚುಚ್ಚಲಿಲ್ಲ. ಮೈಯ ಚರ್ಮವೆಲ್ಲ ಹೋದವರು ಮಲಗುವ ಹಾಸಿಗೆ ಅದು.

ಹದಿನೆಂಟು ಹೆಂಗಸರೂ ಒಟ್ಟಿಗೆ ಬಾಯಿ ಬಿಟ್ಟರು.

"ಇಲ್ಲಿಂದ ಹೋಗಿರೋಕೆ ಸಾಧ್ಯವೇ ಇಲ್ಲ ಸಿಸ್ಟರ್!"

"ಅಕ್ಕನ ಕೈ ದಾಟಿ ಸೂಜಿ ಹೋಗತ್ತಾ? ಕೂದಲು ಕೂಡ ಹೋಗಲ್ಲ!"

"ನಿಮ್ಮ ಹುಡುಗೀರ ಜೇಬು ನೋಡಿ ಮೊದಲು!" ಎಂದಳು ರೇಡಿಯೋ, ಎಲ್ಲರಿಗಿಂತ ಗಟ್ಟಿಯಾಗಿ.

ದೊಡ್ಡ ಸಿಸ್ಟರು ತಲೆದೂಗಿದಳು. "ನನಗೂ ಹಾಗೇ ಅನಿಸ್ತು. ಬಿಳಿದಾರ ಬಿದ್ದ ಮೇಲೆ ಇಲ್ಲಿ ತಪ್ಪಿರಲ್ಲ. ವಾರ್ಡಲ್ಲಿ ಹೊಸಬಳೊಬ್ಬಳಿದ್ದಾಳೆ, ಅವಳೇ ಎಲ್ಲೋ ಬೀಳಿಸಿದಾಳೆ. ನಾಳೆ ಬೆಳಿಗ್ಗೆ ಕಾಗದ ತರ್ತೀನಿ ಕಡ್ಡಿಯಕ್ಕ. ಬಟ್ಟೆ ಇಲ್ಲಿಂದ ಸರಿಯಾಗಿ ಹೋಗಿತ್ತು ಅಂತ ಒಂದು ಸಹಿ ಹಾಕಿ ಸಾಕು."

"ಅವಳಿಗೆ ಏನು ಮಾಡ್ತೀರಿ?"

"ಕೆಲಸದಿಂದ ತೆಗೀಬೇಕಾಗತ್ತೆ. ಆ ವಾರ್ಡಲ್ಲಿ ಇಂಥದ್ದಾದ್ರೆ ಕ್ಷಮಿಸೋಕೆ ಬರಲ್ಲ."

ಕಡ್ಡಿಯಕ್ಕ ಸೂಜಿಯನ್ನು ನೋಡಿದಳು. ಎದೆ ಧಸಕ್ಕೆನ್ನಲಿಲ್ಲ, ಕಾಲು ನಡುಗಲಿಲ್ಲ. ಅಂದು ಮಧ್ಯಾಹ್ನದ ರಜೆ ಕೇಳಿ, ಉಗಿಯಮ್ಮನ ಮನೆಗೆ ಹೊರಟಳು.

ಉಗಿಯಮ್ಮ ಎಂಬತ್ತನಾಲ್ಕರ ಮುದುಕಿ, ಸೈಕಲ್ಲಂಗಡಿಯ ಮೇಲಿನ ಮಹಡಿಯಲ್ಲಿ ತಮ್ಮನ ಮಗಳ ಆಸರೆಯಲ್ಲಿದ್ದಳು. ಕಣ್ಣು ಚೆನ್ನಾಗಿತ್ತು, ಕಿವಿ ಇನ್ನೂ ಚೆನ್ನಾಗಿತ್ತು. ಕೈಗಳೆರಡೂ ಯಾರೋ ಇಟ್ಟು ಮರೆತು ಹೋದ ಸಾಮಾನಿನಂತೆ ಮಡಿಲಲ್ಲಿದ್ದವು.

"ಯಾರದು?"

"ನಾನು ದೊಡ್ಡಮ್ಮ, ಕಡ್ಡಿ."

"ಕಡ್ಡಿಯಾ? ಮೆಟ್ಟಿಲು ಮುರಿಯೋ ಸದ್ದು ಕೇಳಿ ದಿಮ್ಮಿ ತಂದ್ರೇನೋ ಅಂದ್ಕೊಂಡೆ. ಆ ಸ್ಟೂಲು ಬೇಡ, ಕೆಳಗೆ ಕೂತ್ಕೋ."

ಕೂತಳು. ಕೆಳಗಿನ ಅಂಗಡಿಯಲ್ಲಿ ಯಾರೋ ಗಂಟೆಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದರು.

"ಒಂದು ಮಾತು ಕೇಳ್ಲಾ ದೊಡ್ಡಮ್ಮ?"

"ಕೇಳೋಕೇ ಬಂದಿರೋದು. ಸುಮ್ನೆ ನೋಡೋಕೆ ಬರೋ ಪೈಕಿ ಅಲ್ಲ ನೀನು."

"ನಿಮ್ಮ ಕೈಗೆ ಬಟ್ಟೆ ತಿಳೀತಿತ್ತಾ? ನಾನು ನಿಮ್ಮ ಹತ್ರ ಇದ್ದಾಗ?"

"ನೀನು ಬರೋಕೆ ಎರಡು ವರ್ಷ ಮುಂಚೆನೇ ಹೋಗಿತ್ತು ಕಣೇ. ಒಂಬತ್ತನೇ ವಯಸ್ಸಿಗೇ ತೊಟ್ಟಿಗೆ ಇಳಿದೋಳು ನಾನು."

"ಹಾಗಾದ್ರೆ ನನ್ನನ್ನ ಕರ್ಕೊಂಡು ಬಂದಿದ್ದು..."

"ನಿನ್ನ ಕೈಗೋಸ್ಕರ. ಮತ್ತೇನು, ಮುಖ ನೋಡಿ ಅಂದ್ಕೊಂಡ್ಯಾ? ಮೂಗಲ್ಲಿ ಸಿಂಬಳ ಸುರೀತಿತ್ತು." ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. "ಮೊದಲು ಕೈಗೇ. ಆಮೇಲೆ ಯಾವಾಗ ಬೇರೆ ಆಯ್ತೋ ನಂಗೂ ಗೊತ್ತಾಗಲಿಲ್ಲ."

ನಲವತ್ತೈದು ವರ್ಷ ಬೆನ್ನಿಗೆ ಆಸರೆಯಾಗಿದ್ದ ಗೋಡೆ ಮೆಲ್ಲಗೆ ಹಿಂದಕ್ಕೆ ಸರಿಯಿತು. ಕಡ್ಡಿಯಕ್ಕ ಬೀಳಲಿಲ್ಲ, ಅಷ್ಟೆ. ತಂಗಿಗೆ ಜ್ವರ ಬಂದ ದಿನದ ಸಂಗತಿಯನ್ನು ಹೇಳಿದಳು.

"ಮುಟ್ಟಲಿಲ್ವಾ?" ಎಂದಳು ಉಗಿಯಮ್ಮ.

"ಇಲ್ಲ. ನಿಮಗೆ ಗೊತ್ತಾಗಿ ಕ್ಷಮಿಸಿದ್ರಿ ಅಂದ್ಕೊಂಡಿದ್ದೆ."

"ಎಷ್ಟು ಶೀಟು?"

"ಹನ್ನೆರಡು."

"ಯಾವ ವಾರ್ಡಿಗೆ ಹೋಯ್ತು?"

"ಮಕ್ಕಳ ವಾರ್ಡು."

ಮಡಿಲಲ್ಲಿದ್ದ ಕೈಗಳು ಅಲುಗಿದವು.

"ನಲವತ್ತಮೂರು ವರ್ಷ ಆಯ್ತು ದೊಡ್ಡಮ್ಮ. ಏನೂ ಆಗಲಿಲ್ಲ."

"ಏನೂ ಆಗಲಿಲ್ಲ ಅಂತ ನಿಂಗೆ ಯಾರು ಹೇಳಿದ್ರು?"

ಮುದುಕಿ ಮತ್ತೆ ಕೇಳಿದಳು: "ನಿನ್ನ ಕೈ ಹೋಗಿ ಎಷ್ಟು ದಿನ ಆಯ್ತು?"

"ಒಂದೂವರೆ ವರ್ಷ."

"ಯಾರಿಗೆ ಹೇಳಿದೀಯಾ?"

"ನಿಮಗೆ."

"ನಾನು ಏನ್ ಮಾಡ್ಲಿ? ನಾನೇ ಹೇಳದೆ ಕೂತೋಳು. ಹೇಳಿದ್ರೆ ನೀನೂ ನಿನ್ನ ತಂಗೀನೂ ಬೀದಿಗೆ ಬೀಳ್ತಿದ್ರಿ ಅಂತ ನಂಗೆ ನಾನೇ ಹೇಳ್ಕೊಂಡೆ. ಅದೂ ಪೂರ್ತಿ ನಿಜ ಅಲ್ಲ. ಮೇಸ್ತ್ರಿ ಅನ್ನಿಸ್ಕೊಳ್ಳೋದು ಬಿಡೋಕೆ ಮನಸ್ಸಿರಲಿಲ್ಲ. ನಿಂಗೆ ಸಾಕೋ ಮಕ್ಕಳೂ ಇಲ್ಲ, ಆ ನೆಪ ಕೂಡ ಇಲ್ಲ." ಎಂದು, ಒಳಗಿದ್ದ ತಮ್ಮನ ಮಗಳಿಗೆ, "ಇವಳಿಗೆ ಕಾಫಿ ಕೊಡೇ, ಆರಿಸಿ ಕೊಡು, ಬಿಸಿ ತಿಳಿಯಲ್ಲ," ಎಂದು ಕೂಗಿದಳು.

ಮಂಗಳವಾರ ಬೆಳಿಗ್ಗೆ ದೊಡ್ಡ ಸಿಸ್ಟರು ಕಾಗದದೊಂದಿಗೆ ಬಂದಳು. ಅವಳ ಹಿಂದೆ ಆ ಹೊಸ ನರ್ಸು, ಕಣ್ಣು ಊದಿಕೊಂಡಿತ್ತು. ಕೊನೆಯ ಮೇಜಿನ ಮೇಲೆ ಕಾಗದ ಹರಡಿ, ಪೆನ್ನು ಇಟ್ಟರು. ಇಸ್ತ್ರಿಗಳು ನಿಂತವು. ಬಾಯ್ಲರಿನವನು ಸಹ ಬಾಗಿಲಿಗೆ ಬಂದು ಇಣುಕಿದ.

ಕಡ್ಡಿಯಕ್ಕ ಪೆನ್ನು ತೆಗೆದುಕೊಂಡಳು. ಸಹಿ ಹಾಕುವುದು ಸುಲಭವಿತ್ತು. ಕೈಗೆ ತಿಳಿಯುತ್ತಲೂ ಇರಲಿಲ್ಲ. ಪೆನ್ನನ್ನು ಪಕ್ಕಕ್ಕಿಟ್ಟು, "ರೇಡಿಯೋ," ಎಂದಳು, "ಒಂದು ಶೀಟು ಹರಡು. ನಾನು ಆ ಕಡೆ ತಿರುಗಿರ್ತೀನಿ. ಅದರ ಕೆಳಗೆ ಏನಾದ್ರೂ ಇಡು. ಗುಂಡಿ, ಪಿನ್ನು, ಬೆಂಕಿಕಡ್ಡಿ, ಏನಾದ್ರೂ. ಇಡದೆ ಇದ್ರೂ ಆಯ್ತು."

"ಇದೇನು ಆಟ ಅಕ್ಕ, ಸಿಸ್ಟರ್ ಕಾಯ್ತಿದಾರೆ."

"ಇಡು."

ಕಣ್ಣು ಮುಚ್ಚಿ ತಿರುಗಿ, ಅಂಗೈ ಎಳೆದಳು. "ಏನೂ ಇಲ್ಲ," ಎಂದಳು. ಬೆಂಕಿಕಡ್ಡಿಯಿತ್ತು. ಎರಡನೆಯ ಸಲ, "ಗುಂಡಿ," ಎಂದಳು. ಏನೂ ಇರಲಿಲ್ಲ. ಮೂರನೆಯ ಸಲ ರೇಡಿಯೋ ಸೋಪಿನ ತುಂಡನ್ನೇ ಇಟ್ಟಿದ್ದಳು. ಶೀಟು ಉಬ್ಬಿಕೊಂಡು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಕೈ ಅದರ ಮೇಲೆ ಹತ್ತಿ ಇಳಿಯಿತು. "ಏನೂ ಇಲ್ಲ," ಎಂದಳು.

ರೇಡಿಯೋ ಅಂದು ಮೊದಲ ಬಾರಿಗೆ ಮಾತಿಲ್ಲದೆ ನಿಂತಿದ್ದಳು.

"ಒಂದೂವರೆ ವರ್ಷದಿಂದ ಹೀಗೇ ಸಿಸ್ಟರ್," ಎಂದಳು ಕಡ್ಡಿಯಕ್ಕ. "ಈ ಹುಡುಗಿ ಬೀಳಿಸಿದ್ದಲ್ಲ. ನನ್ನ ಕೈ ದಾಟಿ ಹೋಗಿದ್ದು. ನನ್ನ ಕೈ ದಾಟಿ ಇನ್ನೆಷ್ಟು ಹೋಗಿದೆಯೋ ನಂಗೆ ಗೊತ್ತಿಲ್ಲ."

ಆಗ ರೇಡಿಯೋಳ ಬಾಯಿ ತೆರೆಯಿತು, ಜೊತೆಗೆ ಕಣ್ಣೂ. "ನನ್ನ ಕೈಯೂ ದಾಟಿದೆಯಲ್ಲ ಅಕ್ಕ! ಹಿಂದೆ ನೀವು ಇದೀರಲ್ಲ ಅಂತ ನಾನು ಮೇಲೆ ಮೇಲೆ ಸವರಿಬಿಡ್ತಿದ್ದೆ. ಮಾತಿನ ಭರದಲ್ಲಿ ಕೆಲವು ಸಲ ಅದೂ ಇಲ್ಲ. ನನ್ನನ್ನೂ ಬರ್ಕೊಳ್ಳಿ ಸಿಸ್ಟರ್."

ಒಬ್ಬಳು ಹಿಂದಿನ ಕೈಯನ್ನು ನಂಬಿದ್ದಳು, ಇನ್ನೊಬ್ಬಳು ಮುಂದಿನ ಕೈಯನ್ನು. ನಡುವೆ ಬಟ್ಟೆಯನ್ನು ಯಾರೂ ಮುಟ್ಟಿರಲಿಲ್ಲ.

ದೊಡ್ಡ ಸಿಸ್ಟರು ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡಳು. ಹೊಸ ನರ್ಸಿಗೆ, "ನೀನು ವಾರ್ಡಿಗೆ ಹೋಗು," ಎಂದಳು. ಬಳಿಕ ಕಡ್ಡಿಯಕ್ಕನ ಕಡೆ ತಿರುಗಿ, "ನಿಮ್ಮನ್ನ ಏನು ಮಾಡ್ಲಿ ನಾನು? ನಿಯಮದ ಪ್ರಕಾರ ನಿಮ್ಮನ್ನೂ ಮನೆಗೆ ಕಳಿಸ್ಬೇಕು," ಎಂದಳು.

"ಕಳಿಸಿ. ಆದರೆ ಒಂದು ಯೋಚನೆ ಮಾಡಿ. ಕೈ ಹೋದೋಳಿಗೆ ಮನೆ ದಾರಿ ತೋರಿಸಿದ್ರೆ ಮುಂದೆ ಯಾರೂ ಹೇಳಲ್ಲ. ನನ್ನ ಹಿಂದಿನೋರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಇವರೂ ಮುಚ್ಚಿಡ್ತಾರೆ. ಸೂಜಿ ಬರ್ತಾನೇ ಇರತ್ತೆ."

ತನಗಾಗಿ ಬೇಡಿದ ಮಾತಾಗಿ ಅದು ಯಾರಿಗೂ ಕೇಳಿಸಲಿಲ್ಲ. ಶೀಟಿನ ಲೆಕ್ಕ ಒಪ್ಪಿಸುವ ಅದೇ ಧ್ವನಿಯಲ್ಲಿ ಹೇಳಿದಳು. ದೊಡ್ಡ ಸಿಸ್ಟರು ಹೊರಟುಹೋದಳು.

ಮೂರು ವಾರದ ಮೇಲೆ ಆಫೀಸಿನಿಂದ ಆದೇಶ ಬಂತು. ಮೇಸ್ತ್ರಿಯ ಜಾಗ ರೇಡಿಯೋಳಿಗೆ. ಕಡ್ಡಿಯಕ್ಕನಿಗೆ ಉಗ್ರಾಣ, ಎಂದರೆ ಹೊಸ ಬಟ್ಟೆ ಜೋಡಿಸಿಡುವ ಒಂದು ಸಣ್ಣ ಕೋಣೆ. ಕೈ ಹೋದವರನ್ನು ಮೇಜಿನಿಂದ ಬೇರೆ ಕೆಲಸಕ್ಕೆ ಹಾಕಬೇಕು, ಮನೆಗೆ ಕಳಿಸಬಾರದು ಎಂದು ಕೆಳಗೆ ಎರಡು ಸಾಲು ಬರೆದಿತ್ತು. ಬಿಳಿದಾರದ ಉಂಡೆ ಕೈಗೆ ಬಂದಾಗ ರೇಡಿಯೋ ಹೋ ಎಂದು ಅತ್ತಳು. ಕಡ್ಡಿಯಕ್ಕನಿಗೆ ಅಳು ಬರಲಿಲ್ಲ. "ಮಾತು ಕಮ್ಮಿ ಮಾಡು," ಎಂದಳು, "ಬಾಯಿ ಓಡಿದ್ರೆ ಕೈ ನಿಲ್ಲತ್ತೆ ನಿಂಗೆ."

ತಿಂಗಳ ಮೊದಲ ಸೋಮವಾರ ಎಲ್ಲರ ಕೈಯನ್ನೂ ಶೀಟಿನ ಕೆಳಗೆ ಐದು ವಸ್ತು ಇಟ್ಟು ನೋಡಬೇಕೆಂಬ ಕಟ್ಟಳೆಯನ್ನು ಹೊರಡುವ ಮುನ್ನ ಅವಳೇ ಮಾಡಿಟ್ಟಳು. ಆ ದಿನ ಉಗ್ರಾಣದ ಬಾಗಿಲೆಳೆದು ಬಂದು, ಸಾಲಿನಲ್ಲಿ ಮೊದಲನೆಯವಳಾಗಿ ನಿಂತಳು.

"ನಿಮ್ಮದು ಗೊತ್ತಿರೋದೇ ಅಲ್ವಾ ಅಕ್ಕ, ನೀವ್ಯಾಕೆ?" ಎಂದು ಯಾರೋ ಅಂದರು.

"ಇಡು," ಎಂದಳು.

ಐದಕ್ಕೆ ಐದೂ ತಪ್ಪಿದಳು. ಎಲ್ಲರ ಎದುರು ತಪ್ಪಿ, ಸೆರಗಿಗೆ ಕೈ ಒರೆಸಿಕೊಂಡು, ಉಗ್ರಾಣಕ್ಕೆ ಮರಳಿದಳು. ಮುಂದಿನ ತಿಂಗಳೂ ಬಂದಳು, ಅದರ ಮುಂದಿನ ತಿಂಗಳೂ. ಮೊದಲೆರಡು ಸಲ ಹೆಂಗಸರು ನೆಲ ನೋಡಿದರು; ಆಮೇಲೆ ಆಮೇಲೆ, "ಅಕ್ಕ ಈ ಸಲ ಒಂದಾದ್ರೂ ಹೇಳ್ತಾರೆ, ಪಂದ್ಯ!" ಎಂದು ನಗಾಡತೊಡಗಿದರು. ಅವಳು ಬೇಡವೆನ್ನಲಿಲ್ಲ.

ಐದನೆಯ ತಿಂಗಳು, ಅವಳು ತಪ್ಪಿ ಪಕ್ಕಕ್ಕೆ ಸರಿದೊಡನೆ, ಮಡಿಸುವ ಸಾಲಿನ ಒಬ್ಬಳು ತನ್ನ ಸರದಿ ಬರುವ ಮೊದಲೇ ಮುಂದೆ ಬಂದಳು. ಇಬ್ಬರು ಸಣ್ಣ ಮಕ್ಕಳ ತಾಯಿ, ಮನೆಗೆ ಅವಳೊಬ್ಬಳೇ ದುಡಿಯುವವಳು. ಅಂಗೈಯನ್ನು ಎದೆಗೊತ್ತಿ ಹಿಡಿದಿದ್ದಳು.

"ಅಕ್ಕ, ನನ್ನದು ಇಡೋದೇ ಬೇಡ. ಎರಡು ಬೆರಳು ಹೋಗಿವೆ. ಹೋದ ವಾರದಿಂದ."

"ಹೋದ ವಾರದಿಂದ," ಎಂದು ಕಡ್ಡಿಯಕ್ಕ ಮೆಲ್ಲಗೆ ಅದೇ ಮಾತನ್ನು ಹೇಳಿಕೊಂಡಳು. ಒಂದೂವರೆ ವರ್ಷವಲ್ಲ, ಹದಿನೇಳು ವರ್ಷವಲ್ಲ, ಒಂದು ವಾರ. ರೇಡಿಯೋ ಅವಳನ್ನು ಅಂದೇ ತಳ್ಳುಗಾಡಿಯ ಕೆಲಸಕ್ಕೆ ಬದಲಾಯಿಸಿದಳು. ಯಾರನ್ನೂ ಎಲ್ಲಿಗೂ ಕಳಿಸಲಿಲ್ಲ. ಕಡ್ಡಿಯಕ್ಕ ಉಗ್ರಾಣಕ್ಕೆ ಹೋಗಿ, ಹೊಸ ಶೀಟುಗಳ ಸಾಲಿನ ನಡುವೆ ಕೂತಳು. ಪಕ್ಕದ ಕೋಣೆಯಲ್ಲಿದ್ದದ್ದೇನೋ ಹತ್ತಿರ ಬಂದಂತಾಯಿತು. ಅದು ಏನೆಂದು ತಿಳಿಯುವ ಮೊದಲೇ ಗಾಡಿ ಬಂತು, ಎಣಿಸಿ ಕೊಡಲು ಎದ್ದಳು.

ದಯಾಮಯನಾದ ದೇವರು ಅವಳ ಬಾಳನ್ನು ನೀರೆರೆದು ಕಾಯಲಿ. ಬೀಗ ರಿಪೇರಿಯವನ ಕಣ್ಣು ಮಂಜಾಗದಿರಲಿ, ಅವನ ಮಾತಿನ ಕುಚೋದ್ಯ ಮುಗಿಯದಿರಲಿ. ದೂರದೂರಿನ ತಂಗಿಯ ಮನೆಯಲ್ಲಿ ಮಕ್ಕಳ ಸದ್ದು ತುಂಬಿರಲಿ, ರಜೆಗೆ ಅವರು ಇವಳ ಮನೆಗೆ ಬರಲಿ. ಸೈಕಲ್ಲಂಗಡಿಯ ಮೇಲಿನ ಮುದುಕಿಗೆ ಮಿಕ್ಕ ದಿನಗಳು ಹಗುರಾಗಲಿ. ದೊಡ್ಡಾಸ್ಪತ್ರೆಯಲ್ಲಿ ಮಲಗಿದವರಿಗೆ ನಿದ್ದೆ ಬರಲಿ, ಎದ್ದವರಿಗೆ ಕೆಲಸವಿರಲಿ. ಅವಳ ಕೈಗೆ ತಿಳಿಯದೆ ಹೋದದ್ದನ್ನೆಲ್ಲ ದೇವರು ಒಂದಲ್ಲ ಒಂದು ದಿನ ಅವಳ ಮನಸ್ಸಿಗೆ ತಿಳಿಸಿಕೊಡಲಿ.